ಅಧಿಕ ವೋಲ್ಟೇಜಿನ ಆಸಿಲೋಸ್ಕೋಪ್ ಪ್ರೋಬ್‌ಗಳು: ಆಯ್ಕೆ ಹಾಗೂ ಸುರಕ್ಷಿತ ಬಳಕೆಯ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಉದ್ದೇಶ ಮತ್ತು ವ್ಯಾಪ್ತಿ

ಮಾಪನ ಉಪಕರಣಗಳ ಪರೀಕ್ಷೆ ಹಾಗೂ ಕ್ಯಾಲಿಬ್ರೇಷನ್ ಸೇವೆಗಾಗಿ ಅರ್ಜಿ ಸಲ್ಲಿಸುವ ದುರಸ್ತಿ ಕಾರ್ಯಾಗಾರಗಳು, ಸಣ್ಣ ಕೈಗಾರಿಕಾ ಘಟಕಗಳು, ಐ.ಟಿ.ಐ., ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳು ಹಾಗೂ ಸ್ವಂತ ಆಸಕ್ತಿಯಿಂದ ಕೆಲಸ ಮಾಡುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಯುಪಿಎಸ್, ಇನ್ವರ್ಟರ್, ಮೋಟಾರ್ ಡ್ರೈವ್, ಎಸ್‌ಎಂಪಿಎಸ್, ಸೌರ ಪಂಪ್‌ಸೆಟ್ಟಿನ ನಿಯಂತ್ರಕ ಮುಂತಾದವುಗಳ ಒಳಗಿನ ವೋಲ್ಟೇಜನ್ನು ಆಸಿಲೋಸ್ಕೋಪಿನ ಮೂಲಕ ಅಳೆಯುವವರಿಗೆ ಇದು ಅನ್ವಯಿಸುತ್ತದೆ. ಈ ಮಾಹಿತಿಯು ತಯಾರಕರ ಕೈಪಿಡಿಗೆ ಪರ್ಯಾಯವಲ್ಲ. ಇವೆರಡರ ನಡುವೆ ವ್ಯತ್ಯಾಸ ಕಂಡುಬಂದಲ್ಲಿ ಕೈಪಿಡಿಯನ್ನೇ ಪಾಲಿಸತಕ್ಕದ್ದು.

ಪ್ರೋಬ್ ಖರೀದಿಸುವವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, "ಇದು ಎಷ್ಟು ವೋಲ್ಟ್ ತಡೆಯುತ್ತದೆ?" ಎಂಬುದು. ಈ ಪ್ರಶ್ನೆ ಅಗತ್ಯವಾದುದೇ ಆದರೂ ಅದು ಎರಡನೆಯ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದದ್ದು: ಪ್ರೋಬಿನ ಕಪ್ಪು ಕ್ಲಿಪ್ಪನ್ನು ಮಂಡಲದ ಯಾವ ಬಿಂದುವಿಗೆ ಜೋಡಿಸಲಾಗುವುದು, ಮತ್ತು ಆ ಬಿಂದುವು ಭೂಮಿಗೆ ಹೋಲಿಸಿದಾಗ ಎಷ್ಟು ವೋಲ್ಟೇಜಿನಲ್ಲಿದೆ? ಇದಕ್ಕೆ ಉತ್ತರ ದೊರೆತ ನಂತರವೇ ಪ್ರೋಬಿನ ವಿಧವನ್ನು ನಿರ್ಧರಿಸುವುದು ಸೂಕ್ತ.

ಕಪ್ಪು ಕ್ಲಿಪ್ ಎಂದರೆ ಭೂಮಿ

ಮೇಜಿನ ಮೇಲಿಟ್ಟು ಬಳಸುವ, ವಿದ್ಯುತ್ ಸರಬರಾಜಿನಿಂದ ನಡೆಯುವ ಆಸಿಲೋಸ್ಕೋಪಿನಲ್ಲಿ ಪ್ರೋಬಿನ ಕಪ್ಪು ಕ್ಲಿಪ್, ಸ್ಕೋಪಿನ ಲೋಹದ ಹೊರಕವಚ ಹಾಗೂ ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್, ಈ ಮೂರೂ ನೇರವಾಗಿ ಒಂದಕ್ಕೊಂದು ಜೋಡಣೆಯಾಗಿರುತ್ತವೆ. ಅಂದರೆ ಕ್ಲಿಪ್ಪನ್ನು ಎಲ್ಲಿ ಕಚ್ಚಿಸಿದರೂ ಆ ಬಿಂದುವನ್ನು ಕಟ್ಟಡದ ಅರ್ತಿಂಗ್‌ಗೆ ಜೋಡಿಸಿದಂತೆಯೇ ಸರಿ. ಎರಡು ಅಥವಾ ನಾಲ್ಕು ಚಾನೆಲ್‌ಗಳಿರುವ ಸ್ಕೋಪಿನಲ್ಲಿ ಎಲ್ಲ ಚಾನೆಲ್‌ಗಳ ಕ್ಲಿಪ್ಪುಗಳೂ ಒಳಗೆ ಒಂದೇ ಆಗಿರುವುದರಿಂದ, ಎರಡು ಕ್ಲಿಪ್ಪುಗಳನ್ನು ಎರಡು ಬೇರೆ ವೋಲ್ಟೇಜಿನ ಬಿಂದುಗಳಿಗೆ ಜೋಡಿಸಿದಲ್ಲಿ ಸ್ಕೋಪಿನ ಮೂಲಕವೇ ಶಾರ್ಟ್ ಆಗುತ್ತದೆ.

ಎಸ್‌ಎಂಪಿಎಸ್ ದುರಸ್ತಿ ಮಾಡುವವರು ಮೊದಲು ಎಡವುವುದು ಇಲ್ಲಿಯೇ. ಸರಬರಾಜಿನ 230 ವೋಲ್ಟನ್ನು ಬ್ರಿಡ್ಜ್ ರೆಕ್ಟಿಫೈಯರ್ ಡಿ.ಸಿ.ಗೆ ಪರಿವರ್ತಿಸಿದ ನಂತರ ದೊಡ್ಡ ಕೆಪ್ಯಾಸಿಟರಿನ ಋಣ ತುದಿಯನ್ನು ಎಲ್ಲರೂ "ಗ್ರೌಂಡ್" ಎಂದು ಕರೆಯುವುದು ರೂಢಿ. ಆದರೆ ಅದು ಭೂಮಿಯಲ್ಲ. ಫೇಸ್ ಋಣವಾಗಿರುವ ಪ್ರತಿ ಅರ್ಧ ಆವರ್ತದಲ್ಲಿ ಆ ಬಿಂದುವು ಒಂದು ಡಯೋಡಿನ ಮೂಲಕ ಫೇಸ್ ತಂತಿಗೇ ಸೇರಿಕೊಂಡು, ಭೂಮಿಗಿಂತ ಸುಮಾರು 325 ವೋಲ್ಟ್ ಕೆಳಗೆ ಇಳಿಯುತ್ತದೆ. ಅಲ್ಲಿ ಕ್ಲಿಪ್ ಕಚ್ಚಿಸಿದಾಗ ಫೇಸಿಗೂ ಭೂಮಿಗೂ ನಡುವೆ ಉಳಿಯುವುದು ಒಂದು ಡಯೋಡ್ ಮಾತ್ರ. ಡಯೋಡ್ ಸಿಡಿಯುತ್ತದೆ, ಕ್ಲಿಪ್ಪಿನ ತಂತಿ ಉರಿಯುತ್ತದೆ, ಕೆಲವೊಮ್ಮೆ ಸ್ಕೋಪಿನ ಒಳಗಿನ ತಾಮ್ರದ ಪಟ್ಟಿಗಳೂ ಸುಟ್ಟುಹೋಗುತ್ತವೆ. ಎಂಸಿಬಿ ಅಥವಾ ಆರ್‌ಸಿಸಿಬಿ ಬಿದ್ದಿದ್ದನ್ನು ಕಂಡು ಉಪಕರಣವೇ ಸರಿಯಿಲ್ಲವೆಂದು ಭಾವಿಸುವವರುಂಟು.

ಭೂಸಂಪರ್ಕದ ಪಿನ್ನನ್ನು ತೆಗೆಯುವ ಅಭ್ಯಾಸ

ಇಂಥ ಶಾರ್ಟನ್ನು ತಪ್ಪಿಸಲು ಸ್ಕೋಪಿನ ಪ್ಲಗ್ಗಿನ ದಪ್ಪ ಪಿನ್ನನ್ನು ಕತ್ತರಿಸುವುದು, ಎರಡು ಪಿನ್ನಿನ ಅಡಾಪ್ಟರ್ ಬಳಸುವುದು ಅಥವಾ ಎಕ್ಸ್‌ಟೆನ್ಷನ್ ಬೋರ್ಡಿನೊಳಗೆ ಅರ್ತ್ ತಂತಿಯನ್ನು ಬಿಚ್ಚಿಡುವುದು ಹಲವು ಕಾರ್ಯಾಗಾರಗಳಲ್ಲಿ ರೂಢಿಯಲ್ಲಿದೆ. ಹಿರಿಯ ತಂತ್ರಜ್ಞರೇ ಕಿರಿಯರಿಗೆ ಇದನ್ನು ಕಲಿಸಿಕೊಡುವುದೂ ಉಂಟು. ಈ ಅಭ್ಯಾಸವನ್ನು ಯಾವ ಕಾರಣಕ್ಕೂ ಅನುಸರಿಸಬಾರದು.

ಹೀಗೆ ಮಾಡಿದಾಗ ಶಾರ್ಟ್ ಆಗುವುದಿಲ್ಲವೆಂಬುದು ನಿಜ. ಅಳತೆಯೂ ಪರದೆಯ ಮೇಲೆ ಕಾಣುತ್ತದೆ. ಆದರೆ ಕ್ಲಿಪ್ಪನ್ನು ಜೋಡಿಸಿದ ಬಿಂದುವಿನ ಪೂರ್ಣ ವೋಲ್ಟೇಜು ಈಗ ಸ್ಕೋಪಿನ ಹೊರಕವಚ, ಬಿಎನ್‌ಸಿ ಕನೆಕ್ಟರುಗಳು, ತಿರುಪುಗಳು ಹಾಗೂ ಯುಎಸ್‌ಬಿ ಕಿಂಡಿಯ ಮೇಲೆ ಬಂದು ನಿಂತಿರುತ್ತದೆ. ಮಂಡಲದ ಕಡೆ ಎಚ್ಚರದಿಂದಿರುವ ವ್ಯಕ್ತಿ, ಸ್ಕೋಪಿನ ಗುಂಡಿ ತಿರುಗಿಸುವಾಗ ಅಷ್ಟು ಎಚ್ಚರದಿಂದ ಇರುವುದಿಲ್ಲ. ಒಂದು ಕೈ ಸ್ಕೋಪಿನ ಲೋಹದ ಮೇಲೆ, ಇನ್ನೊಂದು ಕೈ ಮೇಜಿನ ಕಬ್ಬಿಣದ ಚೌಕಟ್ಟಿನ ಮೇಲೆ ಇದ್ದಲ್ಲಿ ವಿದ್ಯುತ್ತು ಎದೆಯ ಮೂಲಕವೇ ಹರಿಯುತ್ತದೆ.

ಪಿನ್ ಕತ್ತರಿಸದಿದ್ದರೂ, ಕಟ್ಟಡದಲ್ಲಿ ಅರ್ತಿಂಗ್ ಸರಿಯಿಲ್ಲದಿದ್ದರೆ ಪರಿಣಾಮ ಇದೇ ಆಗಿರುತ್ತದೆ. ಸ್ಕೋಪಿನ ಲೋಹವನ್ನು ಮುಟ್ಟಿದಾಗ ಸಣ್ಣಗೆ ಜುಮ್ಮೆನ್ನುವ ಅನುಭವವಾದರೆ ಅದು ಅರ್ತ್ ಇಲ್ಲದಿರುವ ಸೂಚನೆ: ಒಳಗಿನ ಫಿಲ್ಟರ್ ಕೆಪ್ಯಾಸಿಟರುಗಳು ಹೊರಕವಚವನ್ನು ಸರಬರಾಜಿನ ಸುಮಾರು ಅರ್ಧ ವೋಲ್ಟೇಜಿಗೆ, ಎಂದರೆ 115 ವೋಲ್ಟಿನ ಆಸುಪಾಸಿಗೆ, ಎತ್ತಿ ನಿಲ್ಲಿಸುತ್ತವೆ. ಈ ಕರೆಂಟು ಅತ್ಯಲ್ಪವಾದುದರಿಂದ ಇದರಿಂದಲೇ ಅಪಾಯವಾಗದಿರಬಹುದು. ಆದರೆ ಅಂಥ ಸಾಕೆಟ್ಟಿನಲ್ಲಿ ಅಧಿಕ ವೋಲ್ಟೇಜಿನ ಅಳತೆಗೆ ಮುಂದಾಗಕೂಡದು. ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದ ಅರ್ತಿಂಗ್ ಸರಿಪಡಿಸಿಕೊಂಡ ನಂತರವೇ ಕೆಲಸ ಪ್ರಾರಂಭಿಸತಕ್ಕದ್ದು.

ಬ್ಯಾಟರಿಯಿಂದ ನಡೆಯುವ ಕೈ ಸ್ಕೋಪುಗಳ ಬಗ್ಗೆ ಒಂದು ಮಾತು. ಚಾನೆಲ್‌ಗಳು ಪರಸ್ಪರ ಹಾಗೂ ಭೂಮಿಯಿಂದ ಪ್ರತ್ಯೇಕವಾಗಿದ್ದು, ಪ್ಲಾಸ್ಟಿಕ್ ಹೊದಿಕೆಯ ಕನೆಕ್ಟರುಗಳಿರುವ, ಹಾಗೆ ಬಳಸಲು ದೃಢೀಕೃತವಾದ ಸ್ಕೋಪುಗಳು ಲಭ್ಯವಿವೆ. ಲೋಹದ ಬಿಎನ್‌ಸಿ ಹೊರಗೆ ಕಾಣುವ ಅಗ್ಗದ ಸ್ಕೋಪುಗಳು ಈ ವರ್ಗಕ್ಕೆ ಸೇರುವುದಿಲ್ಲ. ಅಲ್ಲದೆ, ಬ್ಯಾಟರಿ ಸ್ಕೋಪನ್ನು ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿದೊಡನೆ ಬಹುತೇಕ ಮಾದರಿಗಳಲ್ಲಿ ಅದರ ಕ್ಲಿಪ್ ಮತ್ತೆ ಭೂಮಿಗೆ ಸೇರುತ್ತದೆ.

ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್

ಐಸೋಲೇಷನ್ ಟ್ರಾನ್ಸ್‌ಫಾರ್ಮರನ್ನು ಬಳಸುವುದಾದಲ್ಲಿ ಅದನ್ನು ದುರಸ್ತಿಯಲ್ಲಿರುವ ಉಪಕರಣಕ್ಕೆ ಅಳವಡಿಸತಕ್ಕದ್ದು, ಸ್ಕೋಪಿಗಲ್ಲ. ಅಳವಡಿಸಿದ ನಂತರವೂ ಎಚ್ಚರ ತಪ್ಪಬಾರದು. ಕ್ಲಿಪ್ಪನ್ನು ಜೋಡಿಸಿದ ಕ್ಷಣದಲ್ಲಿ ಮಂಡಲದ ಆ ಬಿಂದುವು ಭೂಮಿಗೆ ಸೇರಿ, ಉಳಿದ ಬಿಂದುಗಳು ಮತ್ತೆ ಅಪಾಯಕಾರಿಯಾಗುತ್ತವೆ. ಆಗ ಶಾಕ್ ತಗುಲಿದರೆ ಹಿಂದಿರುವ ಆರ್‌ಸಿಸಿಬಿ ಬೀಳುವುದಿಲ್ಲ. ಏಕೆಂದರೆ ಸೋರಿಕೆಯು ಟ್ರಾನ್ಸ್‌ಫಾರ್ಮರಿನ ಆಚೆಗೇ ಸುತ್ತುತ್ತಿರುತ್ತದೆ. ಡಿಮ್ಮರ್‌ಸ್ಟ್ಯಾಟ್ ಎಂಬುದು ಆಟೋ ಟ್ರಾನ್ಸ್‌ಫಾರ್ಮರ್ ಆಗಿದ್ದು, ಅದರಿಂದ ಯಾವುದೇ ಪ್ರತ್ಯೇಕತೆ ದೊರೆಯುವುದಿಲ್ಲ.

ಅಳೆಯಬೇಕಾದ ವೋಲ್ಟೇಜನ್ನು ಲೆಕ್ಕ ಹಾಕುವ ಬಗೆ

ಪ್ರೋಬಿನ ಮೇಲಿನ ಅಂಕಿ ಆರ್‌ಎಂಎಸ್ ಮೌಲ್ಯವೋ ಶೃಂಗ ಮೌಲ್ಯವೋ ಎಂಬುದನ್ನು ಮೊದಲು ನೋಡತಕ್ಕದ್ದು. 230 ವೋಲ್ಟಿನ ಸರಬರಾಜಿನ ಶೃಂಗ ಮೌಲ್ಯ 325 ವೋಲ್ಟ್. ಶೇಕಡ 10ರಷ್ಟು ಏರಿದಲ್ಲಿ 358 ವೋಲ್ಟ್. 415 ವೋಲ್ಟಿನ ಮೂರು ಫೇಸ್ ಡ್ರೈವಿನ ಒಳಗಿನ ಡಿ.ಸಿ. ಸುಮಾರು 587 ವೋಲ್ಟ್ ಇದ್ದು, ಮೋಟಾರನ್ನು ಬೇಗ ನಿಲ್ಲಿಸುವಾಗ ಅದು 700 ವೋಲ್ಟನ್ನು ದಾಟಬಹುದು. ಚಿಕ್ಕ ಎಸ್‌ಎಂಪಿಎಸ್‌ನ ಮಾಸ್‌ಫೆಟ್ಟಿನ ಡ್ರೇನ್ ಬಿಂದುವಿನಲ್ಲಿ ಡಿ.ಸಿ. 325 ವೋಲ್ಟ್ ಇದ್ದರೂ, ಸ್ವಿಚ್ ಆಫ್ ಆಗುವ ಕ್ಷಣದ ಮೊನೆಯು 600 ವೋಲ್ಟಿನ ಸಮೀಪಕ್ಕೆ ಹೋಗುವುದು ಸಾಮಾನ್ಯ. ಸೌರ ಫಲಕಗಳ ಸಾಲಿನಲ್ಲಿ 600ರಿಂದ 1,000 ವೋಲ್ಟಿನವರೆಗೂ ಡಿ.ಸಿ. ಇರಬಹುದು, ಬಿಸಿಲಿರುವಷ್ಟು ಹೊತ್ತು ಅದನ್ನು ಮೂಲದಲ್ಲಿ ಆರಿಸಲು ಬರುವುದಿಲ್ಲ.

ಪ್ರೋಬಿನ ವಿಧಗಳು

ಸ್ಕೋಪಿನೊಂದಿಗೆ ಬರುವ 10:1 ಪ್ರೋಬಿನ ತುದಿಯಲ್ಲಿ 9 ಮೆಗಾಓಮ್ ರೋಧಕವಿದ್ದು, ಅದು ಸ್ಕೋಪಿನ 1 ಮೆಗಾಓಮಿನೊಂದಿಗೆ ಸೇರಿ ವೋಲ್ಟೇಜನ್ನು ಹತ್ತನೇ ಒಂದು ಭಾಗಕ್ಕೆ ಇಳಿಸುತ್ತದೆ. ಇಂಥ ಅನೇಕ ಪ್ರೋಬುಗಳ ಮಿತಿ 300 ವೋಲ್ಟ್ ಆರ್‌ಎಂಎಸ್, ಕೆಲವಕ್ಕೆ 600. ಮೇಲೆ ತಿಳಿಸಿದ ಮಾಸ್‌ಫೆಟ್ಟಿಗಾಗಲಿ ಡ್ರೈವಿಗಾಗಲಿ ಇದು ತಕ್ಕುದಲ್ಲ. ಅದರಲ್ಲಿಯೂ 1:1 ಮತ್ತು 10:1 ಎಂದು ಬದಲಾಯಿಸುವ ಗುಂಡಿಯಿರುವ ಪ್ರೋಬನ್ನು ಅಧಿಕ ವೋಲ್ಟೇಜಿಗೆ ಬಳಸಲೇಬಾರದು. ಗುಂಡಿಯು ಕೈತಾಗಿ 1:1ಕ್ಕೆ ಸರಿದಲ್ಲಿ ಪೂರ್ಣ ವೋಲ್ಟೇಜು ಸ್ಕೋಪಿನೊಳಗೆ ಹೋಗುತ್ತದೆ.

100:1 ಪ್ರೋಬುಗಳು ಸಾಮಾನ್ಯವಾಗಿ 1,000ದಿಂದ 2,500 ವೋಲ್ಟಿನವರೆಗಿನ ಕೆಲಸಕ್ಕೆ ಬರುತ್ತವೆ. 1000:1 ಪ್ರೋಬುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಟೆಕ್‌ಟ್ರಾನಿಕ್ಸ್ ಪಿ6015ಎ ಮಾದರಿಯನ್ನು ಉದಾಹರಣೆಯಾಗಿ ನೋಡಬಹುದು: 20 ಕಿಲೋವೋಲ್ಟ್ ನಿರಂತರವಾಗಿ, 40 ಕಿಲೋವೋಲ್ಟ್ ಅಲ್ಪಾವಧಿಯ ಸ್ಪಂದಗಳಲ್ಲಿ ಮಾತ್ರ, ಒಳರೋಧ 100 ಮೆಗಾಓಮ್, ಧಾರಕತೆ 3 ಪಿಕೋಫ್ಯಾರಡ್, ಬ್ಯಾಂಡ್‌ವಿಡ್ತ್ 75 ಮೆಗಾಹರ್ಟ್ಸ್. 20 ಕಿಲೋವೋಲ್ಟಿನಲ್ಲಿ ಅದರ ಒಳಗೆ 4 ವ್ಯಾಟ್ ಶಾಖ ಉತ್ಪತ್ತಿಯಾಗುತ್ತದೆ. ಎರಡನೆಯ ಅಂಕಿಯನ್ನು ಮಾತ್ರ ನೋಡಿ "ನಲವತ್ತು ಕಿಲೋವೋಲ್ಟಿನ ಪ್ರೋಬ್" ಎಂದು ಬಳಸುವುದು ತಪ್ಪು.

ಮೇಲಿನ ಪ್ರೋಬುಗಳೆಲ್ಲವೂ ಕಪ್ಪು ಕ್ಲಿಪ್ ಇರುವಂಥವು. ಅನುಪಾತ ಎಷ್ಟೇ ಇದ್ದರೂ ಕ್ಲಿಪ್ ಭೂಮಿಯೇ. ಆದುದರಿಂದ ಅಳೆಯಬೇಕಾದ ಎರಡು ಬಿಂದುಗಳಲ್ಲಿ ಒಂದಾದರೂ ನಿಜವಾಗಿ ಭೂಮಿಯಲ್ಲದಿದ್ದರೆ ಡಿಫರೆನ್ಷಿಯಲ್ ಪ್ರೋಬನ್ನೇ ಆರಿಸಿಕೊಳ್ಳತಕ್ಕದ್ದು. ಇದಕ್ಕೆ ಎರಡು ತುದಿಗಳಿದ್ದು ಎರಡರಲ್ಲಿ ಯಾವುದೂ ಭೂಮಿಯಲ್ಲ; ಪ್ರತಿ ತುದಿಯೂ ಹಲವು ಮೆಗಾಓಮ್‌ಗಳ ರೋಧದ ಮೂಲಕ ಒಳಗೆ ಹೋಗುತ್ತದೆ. ಸರಬರಾಜಿಗೆ ನೇರವಾಗಿ ಸಂಬಂಧಿಸಿದ ದುರಸ್ತಿ ಮಾಡುವ ಕಾರ್ಯಾಗಾರವು ಒಂದೇ ಒಂದು ವಿಶೇಷ ಪ್ರೋಬ್ ಕೊಳ್ಳಲು ಶಕ್ತವಾಗಿದ್ದಲ್ಲಿ ಅದು ಡಿಫರೆನ್ಷಿಯಲ್ ಪ್ರೋಬ್ ಆಗಿರಲಿ ಎಂಬುದು ಸಲಹೆ. ಸುಟ್ಟ ಸ್ಕೋಪೊಂದರ ಬೆಲೆಗೆ ಹೋಲಿಸಿದರೆ ಅದು ದುಬಾರಿಯಲ್ಲ.

ಡಿಫರೆನ್ಷಿಯಲ್ ಪ್ರೋಬಿಗೂ ಮಿತಿಗಳಿವೆ. ಎರಡು ತುದಿಗಳ ನಡುವಿನ ಗರಿಷ್ಠ ವೋಲ್ಟೇಜು ಬೇರೆ, ಪ್ರತಿ ತುದಿಗೂ ಭೂಮಿಗೂ ನಡುವಿನ ಗರಿಷ್ಠ ವೋಲ್ಟೇಜು ಬೇರೆ; ಎರಡನ್ನೂ ಪರಿಶೀಲಿಸಬೇಕು. ಚಿಕ್ಕ ಶ್ರೇಣಿಯಲ್ಲಿಟ್ಟು ದೊಡ್ಡ ವೋಲ್ಟೇಜು ಕೊಟ್ಟರೆ ಪರದೆಯ ಮೇಲೆ ಕತ್ತರಿಸಿದ, ಆದರೆ ನಂಬುವಂತೆ ಕಾಣುವ, ತರಂಗ ಬರುತ್ತದೆ. ಪ್ರೋಬಿನ ಬ್ಯಾಟರಿ ಕುಸಿದಾಗಲೂ ಅಳತೆ ತಪ್ಪುತ್ತದೆ. ಇನ್ನು ಎರಡೂ ತುದಿಗಳಲ್ಲಿ ಸಮಾನವಾಗಿರುವ ವೋಲ್ಟೇಜನ್ನು ತಿರಸ್ಕರಿಸುವ ಶಕ್ತಿಯು ಆವೃತ್ತಿ ಏರಿದಂತೆ ಕುಂದುತ್ತದೆ. 50 ಹರ್ಟ್ಸ್‌ನಲ್ಲಿ 80 ಡೆಸಿಬೆಲ್ ಇರುವ ಪ್ರೋಬ್ 400 ವೋಲ್ಟಿನ ಸಮಾನ ವೋಲ್ಟೇಜಿನಿಂದ ಕೇವಲ 0.04 ವೋಲ್ಟ್ ದೋಷ ತೋರಿಸುತ್ತದೆ. ಅದೇ ಪ್ರೋಬ್ 1 ಮೆಗಾಹರ್ಟ್ಸ್‌ನಲ್ಲಿ 50 ಡೆಸಿಬೆಲ್ಲಿಗೆ ಇಳಿದಿದ್ದರೆ ದೋಷವು ಸುಮಾರು 1.3 ವೋಲ್ಟ್. ಇನ್ವರ್ಟರಿನ ಮೇಲಿನ ಐಜಿಬಿಟಿಯ 15 ವೋಲ್ಟ್ ಗೇಟ್ ತರಂಗವನ್ನು ನೋಡುವವರಿಗೆ ಇದು ಅಲ್ಪವಲ್ಲ. ಪರೀಕ್ಷೆ ಸುಲಭ: ಉಪಕರಣವನ್ನು ಆರಿಸಿ, ಪ್ರೋಬಿನ ಎರಡೂ ತುದಿಗಳನ್ನು ಐಜಿಬಿಟಿಯ ಎಮಿಟರಿಗೇ ಜೋಡಿಸಿ, ಮತ್ತೆ ಚಾಲೂ ಮಾಡಿದಾಗ ಪರದೆಯ ಮೇಲೆ ಏನು ಕಾಣುತ್ತದೆಯೋ ಅದಷ್ಟೂ ಪ್ರೋಬಿನ ದೋಷ. ಆ ದೋಷ ಸಹಿಸಲಾಗದಷ್ಟಿದ್ದಲ್ಲಿ ಬೆಳಕಿನ ತಂತುವಿನ ಮೂಲಕ ಪ್ರತ್ಯೇಕಿಸುವ ಪ್ರೋಬುಗಳು ದೊರೆಯುತ್ತವೆ. ಅವುಗಳ ಬೆಲೆ ಸಣ್ಣ ಕಾರ್ಯಾಗಾರಗಳಿಗೆ ಎಟುಕುವಂಥದ್ದಲ್ಲ.

ಮೀಟರಿನ ಪ್ರೋಬನ್ನು ಸ್ಕೋಪಿಗೆ ಜೋಡಿಸದಿರುವುದು

ಮಲ್ಟಿಮೀಟರಿಗಾಗಿ ತಯಾರಾದ ಅಧಿಕ ವೋಲ್ಟೇಜಿನ ಪ್ರೋಬುಗಳೂ ನೋಡಲು ಸ್ಕೋಪಿನ ಪ್ರೋಬಿನಂತೆಯೇ ಇರುತ್ತವೆ. ಫ್ಲೂಕ್ 80ಕೆ-40 ಇಂಥದೊಂದು. ಇದು 1000:1 ಅನುಪಾತವನ್ನು ಕೊಡುವುದು 10 ಮೆಗಾಓಮ್ ಒಳರೋಧದ ಮೀಟರಿನೊಂದಿಗೆ ಮಾತ್ರ. ಸ್ಕೋಪಿನ ಒಳರೋಧ 1 ಮೆಗಾಓಮ್ ಆಗಿರುವುದರಿಂದ, ಅದಕ್ಕೆ ಜೋಡಿಸಿದಾಗ ಅನುಪಾತವು ಸುಮಾರು 1900:1 ಆಗಿಬಿಡುತ್ತದೆ. 20 ಕಿಲೋವೋಲ್ಟ್ ಇರುವಲ್ಲಿ ಪರದೆಯು ಹತ್ತೂವರೆ ಕಿಲೋವೋಲ್ಟ್ ಎಂದು ತೋರಿಸುತ್ತದೆ. ಇದಲ್ಲದೆ ವೇಗದ ತರಂಗಗಳಿಗೆ ಅದು ಹೊಂದುವಂತೆ ರಚಿತವಾಗಿಲ್ಲ.

ಅಳತೆಯು ಇರುವುದಕ್ಕಿಂತ ಕಡಿಮೆಯಾಗಿ ಕಾಣುವ ಇನ್ನೆರಡು ಸಂದರ್ಭಗಳಿವೆ. ಪ್ರೋಬ್ 100:1 ಆಗಿದ್ದು ಸ್ಕೋಪಿನ ಮೆನುವಿನಲ್ಲಿ 10:1 ಎಂದಿದ್ದರೆ 400 ವೋಲ್ಟು 40 ಎಂದು ಕಾಣುತ್ತದೆ. ಸ್ಕೋಪಿನ ಒಳಗತಿಯು 50 ಓಮ್‌ಗೆ ಹೊಂದಿಸಲ್ಪಟ್ಟಿದ್ದರೆ ಏನೂ ಇಲ್ಲವೆಂಬಂತೆ ಬರೀ ಗೆರೆ ಕಾಣುತ್ತದೆ. ವೋಲ್ಟೇಜು ಇಲ್ಲವೆಂದು ನಂಬಿ ಕೈ ಹಾಕುವುದು ಇಂಥ ಹೊತ್ತಿನಲ್ಲಿಯೇ. ಆದಕಾರಣ ಮಂಡಲವನ್ನು ಮುಟ್ಟುವ ಮೊದಲು ವೋಲ್ಟೇಜು ಇಲ್ಲವೆಂಬುದನ್ನು ಸ್ಕೋಪಿನಿಂದಲ್ಲದೆ ಸೂಕ್ತ ವರ್ಗದ ಮೀಟರಿನಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಮಾಪನ ವರ್ಗಗಳು

ಐಇಸಿ 61010 ಮಾನಕದ ಅನ್ವಯ ಪ್ರೋಬಿನ ಮೇಲೆ ವೋಲ್ಟೇಜಿನ ಪಕ್ಕದಲ್ಲಿ ಎರಡು, ಮೂರು ಅಥವಾ ನಾಲ್ಕನೆಯ ಮಾಪನ ವರ್ಗವನ್ನು ರೋಮನ್ ಅಂಕಿಯಲ್ಲಿ ನಮೂದಿಸಿರುತ್ತಾರೆ. ಎರಡನೆಯ ವರ್ಗವು ಗೋಡೆಯ ಸಾಕೆಟ್ಟಿಗೆ ಜೋಡಿಸಿದ ಉಪಕರಣಗಳಿಗೆ, ಮೂರನೆಯದು ಕಟ್ಟಡದ ವಿತರಣಾ ಫಲಕ ಮತ್ತು ಸ್ಥಿರ ಯಂತ್ರಗಳಿಗೆ, ನಾಲ್ಕನೆಯದು ಸರಬರಾಜು ಕಟ್ಟಡವನ್ನು ಪ್ರವೇಶಿಸುವ ಸ್ಥಳಕ್ಕೆ ಸಂಬಂಧಿಸಿದವು. ವ್ಯತ್ಯಾಸವಿರುವುದು ಸಿಡಿಲು ಅಥವಾ ಸ್ವಿಚಿಂಗಿನಿಂದ ಬರುವ ಕ್ಷಣಿಕ ಏರಿಕೆಯನ್ನು ತಡೆಯುವ ಶಕ್ತಿಯಲ್ಲಿ: 300 ವೋಲ್ಟಿನ ಎರಡನೆಯ ವರ್ಗದ ಪ್ರೋಬ್ 2,500 ವೋಲ್ಟಿನ ಸ್ಪಂದವನ್ನು ತಡೆಯಬೇಕಾದರೆ, 600 ವೋಲ್ಟಿನ ಮೂರನೆಯ ವರ್ಗದ್ದು 6,000 ವೋಲ್ಟನ್ನು ತಡೆಯಬೇಕು. ಪ್ರೋಬ್, ಅದರ ಕ್ಲಿಪ್ಪು ಹಾಗೂ ಸ್ಕೋಪ್ ಇವುಗಳಲ್ಲಿ ಯಾವುದರ ವರ್ಗ ಕಡಿಮೆಯೋ ಅದೇ ಇಡೀ ವ್ಯವಸ್ಥೆಯ ವರ್ಗ. ವರ್ಗವನ್ನೇ ನಮೂದಿಸದ ಪ್ರೋಬನ್ನು ಸರಬರಾಜಿಗೆ ನೇರ ಸಂಬಂಧವಿರುವ ಮಂಡಲದಲ್ಲಿ ಬಳಸಬಾರದು.

ಆವೃತ್ತಿಯೊಂದಿಗೆ ಇಳಿಯುವ ಮಿತಿ

ಪೆಟ್ಟಿಗೆಯ ಮೇಲೆ ಮುದ್ರಿತವಾದ ವೋಲ್ಟೇಜು ಡಿ.ಸಿ. ಹಾಗೂ ಕಡಿಮೆ ಆವೃತ್ತಿಗೆ ಮಾತ್ರ ಅನ್ವಯಿಸುತ್ತದೆ. 10 ಪಿಕೋಫ್ಯಾರಡ್ ಧಾರಕತೆಯ ಪ್ರೋಬ್ ಡಿ.ಸಿ.ಯಲ್ಲಿ 10 ಮೆಗಾಓಮ್ ಆಗಿದ್ದರೂ 10 ಮೆಗಾಹರ್ಟ್ಸ್‌ನಲ್ಲಿ ಕೇವಲ 1.6 ಕಿಲೋಓಮ್ ಆಗುತ್ತದೆ. ಕರೆಂಟು ಹೆಚ್ಚಿ ಪ್ರೋಬಿನ ಒಳಭಾಗ ಬಿಸಿಯಾಗುತ್ತದೆ. ಆದುದರಿಂದ ಆವೃತ್ತಿಗೆ ತಕ್ಕಂತೆ ಮಿತಿ ಇಳಿಯುವ ರೇಖೆಯನ್ನು ಕೈಪಿಡಿಯಲ್ಲಿ ನೋಡಿಯೇ ಖರೀದಿಸತಕ್ಕದ್ದು. ಇಂಡಕ್ಷನ್ ಹೀಟರ್ ಮತ್ತು ರೇಡಿಯೋ ಪ್ರೇಷಕಗಳ ಕೆಲಸದಲ್ಲಿ ಇದು ಮುಖ್ಯ. ಆ ರೇಖೆಯನ್ನು ಕೊಡದ ಮಾರಾಟಗಾರರಿಂದ ಕೊಳ್ಳದಿರುವುದೇ ಲೇಸು.

ಬ್ಯಾಂಡ್‌ವಿಡ್ತಿನ ಲೆಕ್ಕ ಸರಳ: 0.35 ಅನ್ನು ಬ್ಯಾಂಡ್‌ವಿಡ್ತಿನಿಂದ ಭಾಗಿಸಿದರೆ ಪ್ರೋಬ್ ತೋರಿಸಬಲ್ಲ ಅತಿ ವೇಗದ ಏರಿಕೆಯ ಕಾಲ ದೊರೆಯುತ್ತದೆ. 50 ಮೆಗಾಹರ್ಟ್ಸ್‌ನ ಪ್ರೋಬಿಗೆ ಅದು 7 ನ್ಯಾನೋಸೆಕೆಂಡ್.

ಬಳಸುವ ಕ್ರಮ

ಉಪಕರಣವನ್ನು ಆರಿಸಿ, ಪ್ಲಗ್ಗನ್ನು ಕಳಚಿ, ಕೆಪ್ಯಾಸಿಟರುಗಳನ್ನು ಬರಿದು ಮಾಡಿದ ನಂತರವೇ ಪ್ರೋಬನ್ನು ಜೋಡಿಸತಕ್ಕದ್ದು. 325 ವೋಲ್ಟಿನಲ್ಲಿರುವ 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರಿನಲ್ಲಿ ಸುಮಾರು 25 ಜೂಲ್, ಮೂರು ಫೇಸ್ ಡ್ರೈವಿನ 1,000 ಮೈಕ್ರೋಫ್ಯಾರಡ್‌ನಲ್ಲಿ ಸುಮಾರು 170 ಜೂಲ್ ಶಕ್ತಿ ಉಳಿದಿರುತ್ತದೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿ ಬರಿದು ಮಾಡುವುದು ಸಲ್ಲದು. ನಿರೋಧಕ ಹಿಡಿಯಿರುವ ತಂತಿಗಳಿಗೆ 2.2 ಕಿಲೋಓಮ್, 25 ವ್ಯಾಟಿನ ವೈರ್‌ವೌಂಡ್ ರೋಧಕವನ್ನು ಜೋಡಿಸಿಟ್ಟುಕೊಂಡಲ್ಲಿ ಮೊದಲನೆಯದು ಐದಾರು ಸೆಕೆಂಡುಗಳಲ್ಲಿ, ಎರಡನೆಯದು ಹನ್ನೆರಡು ಸೆಕೆಂಡುಗಳ ಒಳಗೆ ಬಹುಮಟ್ಟಿಗೆ ಇಳಿಯುತ್ತದೆ. ತದನಂತರ ಮೀಟರಿನಿಂದ ಅಳೆದು ನೋಡತಕ್ಕದ್ದು.

ಜೋಡಿಸುವಾಗ ಮೊದಲು ಸ್ಕೋಪಿನ ಕಡೆಯ ಬಿಎನ್‌ಸಿ, ನಂತರ ಭೂಸಂಪರ್ಕದ ತಂತಿ, ಕೊನೆಯಲ್ಲಿ ತುದಿ. ಕಳಚುವಾಗ ಇದರ ವಿಲೋಮ. ಈ ಕ್ರಮಕ್ಕೆ ಕಾರಣವಿದೆ: ಹಲವು ಪ್ರೋಬುಗಳಲ್ಲಿ ವೋಲ್ಟೇಜನ್ನು ಭಾಗಿಸುವ ಕೆಳಗಿನ ರೋಧವು ಸ್ಕೋಪಿನೊಳಗಿರುವ 1 ಮೆಗಾಓಮೇ ಆಗಿರುತ್ತದೆ. ತುದಿಯು ವೋಲ್ಟೇಜಿನಲ್ಲಿರುವಾಗ ಬಿಎನ್‌ಸಿಯನ್ನು ಕಳಚಿದರೆ, ಕೈಯಲ್ಲಿ ಹಿಡಿದ ಕನೆಕ್ಟರಿನ ನಡುವಿನ ಪಿನ್ನಿಗೆ ಪೂರ್ಣ ವೋಲ್ಟೇಜು ಬರುತ್ತದೆ. ಇದೇ ಕಾರಣದಿಂದ ಸ್ಕೋಪನ್ನು ಎ.ಸಿ. ಕಪ್ಲಿಂಗಿನಲ್ಲಿ ಇಡಬಾರದು; ಆಗ ಡಿ.ಸಿ.ಯ ಭಾಗವೆಲ್ಲ ಸ್ಕೋಪಿನೊಳಗಿನ ಚಿಕ್ಕ ಕೆಪ್ಯಾಸಿಟರಿನ ಮೇಲೆ ಬೀಳುತ್ತದೆ.

ಪ್ರೋಬಿನ ಹೊಂದಾಣಿಕೆಯನ್ನು ಸ್ಕೋಪಿನ ಮುಂಭಾಗದ 1 ಕಿಲೋಹರ್ಟ್ಸ್ ಚೌಕ ತರಂಗದಿಂದ ಮುಂಚಿತವಾಗಿಯೇ ಮಾಡಿಕೊಳ್ಳತಕ್ಕದ್ದು, ವೋಲ್ಟೇಜು ಇರುವಾಗ ತಿರುಪು ತಿರುಗಿಸಬಾರದು. ಚಾಲೂ ಮಾಡಿದ ಮೇಲೆ ಪ್ರೋಬನ್ನು ಕೈಯಲ್ಲಿ ಹಿಡಿಯದೆ ದೂರದಿಂದ ಪರದೆಯನ್ನು ನೋಡುವುದು ಉತ್ತಮ. ಹಿಡಿಯಲೇಬೇಕಾದಲ್ಲಿ ಬೆರಳುಗಳು ತಡೆಯಂಚಿನ ಹಿಂದೆ ಇರಬೇಕು, ಇನ್ನೊಂದು ಕೈ ಯಾವ ಲೋಹವನ್ನೂ ಮುಟ್ಟಿರಬಾರದು, ಮತ್ತೊಬ್ಬ ವ್ಯಕ್ತಿ ಮುಖ್ಯ ಸ್ವಿಚ್ಚಿನ ಬಳಿ ಇರಬೇಕು. ಮಲೆನಾಡು ಹಾಗೂ ಕರಾವಳಿಯ ಮಳೆಗಾಲದಲ್ಲಿ ಪ್ರೋಬಿನ ಮೇಲ್ಮೈಯಲ್ಲಿ ತೇವ ಕಟ್ಟಿ, ಧೂಳಿನೊಂದಿಗೆ ಸೇರಿ ವಿದ್ಯುತ್ತಿಗೆ ದಾರಿಯಾಗುವುದುಂಟು. ಒರೆಸಿ ಒಣಗಿಸಿದ ಮೇಲೆಯೇ ಬಳಸತಕ್ಕದ್ದು. ಸೀಳಿದ ತಂತಿಗೆ ಟೇಪು ಸುತ್ತಿ ಬಳಸುವುದನ್ನು ಸರ್ವಥಾ ನಿಷೇಧಿಸಿದೆ ಎಂದು ತಿಳಿಯತಕ್ಕದ್ದು.

ಅಳೆಯಬಾರದ ಸ್ಥಳಗಳು

ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಸುಮಾರು 2,000 ವೋಲ್ಟನ್ನು ಕೊಲ್ಲುವಷ್ಟು ಕರೆಂಟಿನೊಂದಿಗೆ ನೀಡುತ್ತದೆ. ಮ್ಯಾಗ್ನೆಟ್ರಾನಿನಲ್ಲಿ ಅದು 4,000ದ ಸಮೀಪಕ್ಕೆ ಹೋಗುತ್ತದೆ. ಪ್ರೋಬಿನ ಮಿತಿಯೊಳಗೇ ಇದ್ದರೂ ಅದನ್ನು ಚಾಲೂ ಇರುವಾಗ ಅಳೆಯುವ ಅಗತ್ಯ ದುರಸ್ತಿಯಲ್ಲಿ ಬರುವುದಿಲ್ಲ. ಆರಿಸಿದ ನಂತರ ಬಿಡಿಭಾಗಗಳನ್ನು ಪರೀಕ್ಷಿಸಿದರೆ ಸಾಕು. ಇನ್ನು 11 ಕಿಲೋವೋಲ್ಟಿನ ಮಾರ್ಗ, ವಿತರಣಾ ಟ್ರಾನ್ಸ್‌ಫಾರ್ಮರ್ ಮುಂತಾದವು ಈ ಪುಟದಲ್ಲಿ ವಿವರಿಸಿದ ಯಾವ ಪ್ರೋಬಿನ ವ್ಯಾಪ್ತಿಗೂ ಬರುವುದಿಲ್ಲ. 20 ಕಿಲೋವೋಲ್ಟ್ ಎಂದು ಬರೆದಿದ್ದರೂ ಪ್ರೋಬಿನ ಆ ಅಂಕಿಯು ವಿತರಣಾ ಜಾಲದ ಶಕ್ತಿಯನ್ನು ಎದುರಿಸಲು ಕೊಟ್ಟ ಅನುಮತಿಯಲ್ಲ. ಅಲ್ಲಿ ಅಳತೆಯ ಕೆಲಸ ಸರಬರಾಜು ಕಂಪನಿಯ ಅಧಿಕೃತ ಸಿಬ್ಬಂದಿಗೆ ಸೇರಿದ್ದು.

ಕ್ಯಾಲಿಬ್ರೇಷನ್ ಅರ್ಜಿಯಲ್ಲಿ ನಮೂದಿಸಬೇಕಾದ ವಿವರ

ಪ್ರೋಬಿನ ತಯಾರಕರು, ಮಾದರಿ, ಕ್ರಮಸಂಖ್ಯೆ ಹಾಗೂ ಅನುಪಾತದ ಜೊತೆಗೆ, ತಾವು ಬಳಸುವ ಸ್ಕೋಪಿನ ಮಾದರಿ ಮತ್ತು ಒಳರೋಧವನ್ನು ತಪ್ಪದೆ ಬರೆಯತಕ್ಕದ್ದು. ಯಾವ ವೋಲ್ಟೇಜು ಮತ್ತು ಯಾವ ಆವೃತ್ತಿಗಳಲ್ಲಿ ಪರೀಕ್ಷೆ ಬೇಕೆಂಬುದನ್ನು ಅರ್ಜಿದಾರರೇ ಸೂಚಿಸಬೇಕು. ಡಿ.ಸಿ.ಯಲ್ಲಿ ಮಾತ್ರ ಅನುಪಾತ ಪರೀಕ್ಷಿಸಿದ ಪ್ರಮಾಣಪತ್ರವು ಆ ಪ್ರೋಬ್ ವೇಗದ ತರಂಗವನ್ನು ಸರಿಯಾಗಿ ತೋರಿಸುತ್ತದೆಂದಾಗಲಿ, ಅದರ ನಿರೋಧಕ ಹೊದಿಕೆ ಸುಸ್ಥಿತಿಯಲ್ಲಿದೆಯೆಂದಾಗಲಿ ಹೇಳುವುದಿಲ್ಲ. ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯವನ್ನು ಆರಿಸಿಕೊಳ್ಳುವವರು ಅದರ ಮಾನ್ಯತೆಯ ವ್ಯಾಪ್ತಿಯಲ್ಲಿ ತಮಗೆ ಬೇಕಾದ ವೋಲ್ಟೇಜು ಮತ್ತು ಆವೃತ್ತಿ ಸೇರಿದೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು. ಪ್ರೋಬನ್ನು ಅದರ ಹೊಂದಾಣಿಕೆಯ ಪೆಟ್ಟಿಗೆ, ಭೂಸಂಪರ್ಕದ ತಂತಿ, ತುದಿಗಳು ಹಾಗೂ ಕೈಪಿಡಿಯ ಪ್ರತಿಯೊಂದಿಗೆ ತಲುಪಿಸತಕ್ಕದ್ದು. ಪ್ರೋಬ್ ಹಿಂದೆಂದಾದರೂ ಕೆಳಗೆ ಬಿದ್ದಿದ್ದರೆ ಅಥವಾ ಅದರೊಳಗೆ ಕಿಡಿ ಹಾರಿದ್ದರೆ ಆ ಸಂಗತಿಯನ್ನು ಮರೆಮಾಚದೆ ಅರ್ಜಿಯಲ್ಲಿಯೇ ಬರೆಯತಕ್ಕದ್ದು; ಅದನ್ನು ಪರೀಕ್ಷಿಸುವವರೂ ಅದೇ ತುದಿಯನ್ನು ಕೈಯಲ್ಲಿ ಹಿಡಿಯುವವರಾಗಿರುತ್ತಾರೆ.